ಮನೆ ಮಂದಿಯ ಫೋಟೋ ಹಾಕಿ ಶುಭಾಶಯದ ಕಾರ್ಡ್ ಮಾಡುವುದು ಹೇಗೆ

ಫೋನಿನಲ್ಲಿ ಸಾವಿರಗಟ್ಟಲೆ ಫೋಟೋ ತುಂಬಿರುತ್ತವೆ. ಆದರೂ ಹಬ್ಬವೋ ಹೊಸ ವರ್ಷವೋ ಬಂದಾಗ ಯಾರೋ ಮಾಡಿ ಬಿಟ್ಟ ಹೂವಿನ ಚಿತ್ರವನ್ನೇ ಎಲ್ಲರಿಗೂ ಫಾರ್ವರ್ಡ್ ಮಾಡಿ ಕೈ ತೊಳೆದುಕೊಳ್ಳುತ್ತೇವೆ. ಅದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಎಷ್ಟೋ ಜನ ತೆರೆದೂ ನೋಡುವುದಿಲ್ಲ. ಅದರ ಬದಲು ಮನೆಯವರ ಮುಖ ಇರುವ ಒಂದು ಕಾಗದದ ಕಾರ್ಡ್ ಕಳಿಸಿ ನೋಡಿ. ಟಿವಿ ಪಕ್ಕದಲ್ಲೋ ಕನ್ನಡಿಯ ಮೂಲೆಯಲ್ಲೋ ಅದು ವರ್ಷಗಟ್ಟಲೆ ಕೂತಿರುತ್ತದೆ. ಮಾಡುವುದೂ ಅಂಥ ಕಷ್ಟವಲ್ಲ. ಸ್ವಲ್ಪ ದಪ್ಪ ಕಾಗದ, ಒಂದು ಸ್ಟೀಲ್ ಸ್ಕೇಲ್, ಒಂದು ಹರಿತವಾದ ಬ್ಲೇಡು, ಬಿಡುವಿನ ಒಂದು ಸಂಜೆ ಇದ್ದರೆ ಆಯಿತು.

ಮೊದಲು ಯಾರಿಗೆ ಅಂತ ನೋಡಿ

ಬಹಳ ಜನ ಮೊದಲು ತಮಗೆ ಇಷ್ಟವಾದ ಫೋಟೋ ಆರಿಸುತ್ತಾರೆ. ಅದನ್ನೇ ಐವತ್ತು ಪ್ರಿಂಟ್ ಹಾಕಿಸುತ್ತಾರೆ. ಆಮೇಲೆ ಯಾರಿಗೆಲ್ಲ ಕಳಿಸೋಣ ಅಂತ ಯೋಚಿಸುತ್ತಾರೆ. ಇದನ್ನು ತಿರುಗಿಸಿ ಮಾಡಿ, ಮೊದಲು ಹೆಸರಿನ ಪಟ್ಟಿ ಬರೆದುಕೊಳ್ಳಿ. ಕಾರ್ಡು ನೋಡುವವರದು. ನಿಮ್ಮ ಮುಖ ಯಾವುದರಲ್ಲಿ ಚೆನ್ನಾಗಿ ಬಂದಿದೆ ಅನ್ನುವುದು ಅವರಿಗೆ ಅಷ್ಟು ಮುಖ್ಯವಲ್ಲ. ಅಜ್ಜಿಗೆ ಬೇಕಾದದ್ದು ಮೊಮ್ಮಕ್ಕಳ ಮುಖ, ಅದೂ ಕನ್ನಡಕ ಹುಡುಕದೆ ಕಾಣುವಷ್ಟು ದೊಡ್ಡದಾಗಿ. ದೂರದ ಊರಿನಲ್ಲಿರುವ ಅಣ್ಣನಿಗೆ ನೀವಿಬ್ಬರೂ ಚಿಕ್ಕವರಿದ್ದಾಗ ಜಗಳವಾಡುತ್ತಾ ನಿಂತ ಫೋಟೋ ಸಾಕು, ಕೆಳಗೆ ಏನೂ ಬರೆಯದಿದ್ದರೂ ನಡೆಯುತ್ತದೆ. ಆಫೀಸಿನವರಿಗೆ, ಪಕ್ಕದ ಮನೆಯವರಿಗೆ ಎಲ್ಲರೂ ಇರುವ ಒಂದು ಸಾಮಾನ್ಯ ಫೋಟೋ ಆದೀತು.

ಹಾಗಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡಾ? ಬೇಡ, ಮೂರು ನಾಲ್ಕು ಥರ ಮಾಡಿದರೆ ಎಲ್ಲರೂ ಅದರಲ್ಲೇ ಬರುತ್ತಾರೆ. ಅಂಗಡಿಯಲ್ಲಿ ಕೊಂಡ ಕಾರ್ಡಿಗೂ ಕೈಯಲ್ಲಿ ಮಾಡಿದ್ದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಇದು. ಅದನ್ನು ಬಿಟ್ಟುಕೊಟ್ಟರೆ ಇಷ್ಟೆಲ್ಲ ಒದ್ದಾಡುವುದು ಸುಮ್ನೆ.

ಪಟ್ಟಿ ಮಾಡುವಾಗಲೇ ಇನ್ನೊಂದು ವಿಷಯ ಗಮನದಲ್ಲಿರಲಿ. ಈ ವರ್ಷ ಯಾರ ಮನೆಯಲ್ಲಾದರೂ ಸಾವಾಗಿದೆಯಾ, ಯಾರದಾದರೂ ಸಂಸಾರ ಮುರಿದಿದೆಯಾ? ತೀರಿಹೋದವರು ಇರುವ ಫೋಟೋ ಕಳಿಸಲೇಬಾರದು ಅಂತೇನಿಲ್ಲ, ಕೆಲವರಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇರುವುದಿಲ್ಲ. ಆದರೆ ಹಬ್ಬದ ದಿನ ಲಕೋಟೆ ಒಡೆದಾಗ ಅದು ಥಟ್ಟನೆ ಎದುರಿಗೆ ಬರಬಾರದು. ಮೊದಲೇ ಒಂದು ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಆ ಫೋಟೋವನ್ನು ಬೇರೆ ದಿನಕ್ಕೆ ಎತ್ತಿಡಿ.

ಫೋಟೋ ಆರಿಸುವುದು

ಒಂದು ಕಾರ್ಡಿಗೆ ಒಂದೇ ಫೋಟೋ. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಆರೇಳು ಫೋಟೋ ತುರುಕಿದ ಕೊಲಾಜ್ ಸ್ಕ್ರೀನಿನ ಮೇಲೆ ಚೆನ್ನಾಗೇ ಕಾಣುತ್ತದೆ, ಅಂಗೈ ಅಗಲದ ಕಾಗದಕ್ಕೆ ಇಳಿಸಿದಾಗ ಒಬ್ಬರ ಮುಖವೂ ಗುರುತು ಸಿಗುವುದಿಲ್ಲ. ತೀರಾ ಬೇಕೆಂದರೆ ಎರಡು ಹಾಕಿ, ಆದರೆ ಆ ಎರಡಕ್ಕೂ ನಂಟಿರಲಿ. ಅಪ್ಪ ಸೈಕಲ್ ಕಲಿಯುತ್ತಿದ್ದ ಹಳೆಯ ಫೋಟೋ, ಪಕ್ಕದಲ್ಲಿ ಮಗಳು ಸೈಕಲ್ ಕಲಿಯುತ್ತಿರುವ ಈಗಿನದು. ಅಥವಾ ಹಳೆಯ ಫೋಟೋದಲ್ಲಿ ನಿಂತಂತೆಯೇ ಅದೇ ಮೂವರು ಅದೇ ಜಾಗದಲ್ಲಿ ಮತ್ತೆ ನಿಲ್ಲುವುದು. ಇದನ್ನು ಮಾಡುವಾಗ ಬಟ್ಟೆಗಿಂತ ಜಾಸ್ತಿ ಗಮನ ಕೈಕಾಲಿನ ಭಂಗಿಯ ಮೇಲಿರಲಿ. ಯಾರ ಕೈ ಯಾರ ಹೆಗಲ ಮೇಲಿತ್ತು, ಯಾರು ಕತ್ತು ಓರೆ ಮಾಡಿದ್ದರು, ಅದೆಲ್ಲ ಹೊಂದಿದರೇನೇ ನೋಡಿದವರು ನಗುವುದು.

ಎಲ್ಲರೂ ನೆಟ್ಟಗೆ ನಿಂತು ಕ್ಯಾಮೆರಾ ನೋಡುತ್ತಿರುವ ಫೋಟೋನೇ ಆಗಬೇಕು ಅಂತಿಲ್ಲ. ಆ ಫೋಟೋ ತೆಗೆದ ಮರುಕ್ಷಣ, ಎಲ್ಲರೂ ಉಸಿರು ಬಿಟ್ಟು ನಗುತ್ತಿರುವಾಗ ಕ್ಲಿಕ್ ಆದದ್ದು ಒಂದಿರುತ್ತದಲ್ಲ, ಕಾರ್ಡಿಗೆ ಅದೇ ವಾಸಿ. ಮುಖವೇ ಇಲ್ಲದ ಫೋಟೋವೂ ನಡೆಯುತ್ತದೆ. ಅಜ್ಜನಿಂದ ಮರಿಮೊಮ್ಮಗುವಿನವರೆಗೆ ನಾಲ್ಕು ಜನರ ಕೈ ಒಂದರ ಮೇಲೊಂದು ಇಟ್ಟು ಮೇಲಿನಿಂದ ತೆಗೆದರೆ ಹೆಸರೂ ಬೇಡ, ನೋಡಿದವರಿಗೆ ಗೊತ್ತಾಗುತ್ತದೆ.

ಆರಿಸಿದ ಮೇಲೆ ಫೋಟೋವನ್ನು ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ. ಮುಖ ನೋಡುವ ಖುಷಿಯಲ್ಲಿ ಹಿಂದೆ ಒಣಗಲು ಹಾಕಿದ ಬಟ್ಟೆ, ಅರ್ಧ ತೆರೆದ ಬಚ್ಚಲಿನ ಬಾಗಿಲು ಕಣ್ಣಿಗೆ ಬೀಳುವುದಿಲ್ಲ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡಿನ ಕಥೆಯೂ ಹೀಗೇ ಇದೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅದನ್ನು ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರರ ಕೈಲಿ ಬರೆಸಿದ್ದು. ನಡುವೆ ಮೇಜಿನ ಸುತ್ತ ಕೂತ ಒಂದು ದೊಡ್ಡ ಸಂಸಾರದ ಚಿತ್ರ, ಅದರಲ್ಲೊಂದು ಪುಟ್ಟ ಮಗುವಿನ ಬಾಯಿಗೂ ವೈನ್ ಲೋಟ ಹಿಡಿದಿದ್ದಾರೆ. ಕುಡಿತದ ವಿರೋಧಿಗಳು ಸುಮ್ಮನಿರಲಿಲ್ಲ! ಬಿಡಿಸಿದ ಚಿತ್ರದಲ್ಲೇ ಇಂಥದ್ದು ಆಗುವುದಾದರೆ ಫೋಟೋದ ಪಾಡೇನು?

ಮಕ್ಕಳ ಫೋಟೋ ಆದರೆ ಶಾಲೆಯ ಹೆಸರಿರುವ ಬ್ಯಾಡ್ಜ್, ಮನೆ ನಂಬರ್, ಗಾಡಿಯ ನಂಬರ್ ಪ್ಲೇಟ್ ಕಂಡರೆ ಕ್ರಾಪ್ ಮಾಡಿ. ಸ್ವಲ್ಪ ದೊಡ್ಡ ಮಕ್ಕಳನ್ನು ಕೇಳಿಯೇ ಹಾಕಿ. ನಿಮಗೆ ಮುದ್ದಾಗಿ ಕಂಡ ಅಳುಮುಂಜಿ ಫೋಟೋ ಹನ್ನೆರಡು ವರ್ಷದ ಹುಡುಗನಿಗೆ ಮಾನದ ಪ್ರಶ್ನೆ.

ಹಳೆಯ ಆಲ್ಬಮ್‌ನಿಂದ ತೆಗೆಯುವಾಗ

ಒಳ್ಳೆಯ ಕಾರ್ಡುಗಳು ಇಲ್ಲೇ ಸಿಗುವುದು, ಫೋಟೋ ಹಾಳಾಗುವುದೂ ಇಲ್ಲೇ. ಹಾಗಾಗಿ ನಿಧಾನ.

ಅಂಟು ಹಾಳೆಯ ಆಲ್ಬಮ್‌ನಲ್ಲಿ ಫೋಟೋ ಕಚ್ಚಿಕೊಂಡಿದ್ದರೆ ಉಗುರು ಹಾಕಿ ಕೀಳಬೇಡಿ. ಹಲ್ಲಿನ ಸಂದು ಸ್ವಚ್ಛ ಮಾಡುವ ದಾರ, ಡೆಂಟಲ್ ಫ್ಲಾಸ್, ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಫೋಟೋದ ಹಿಂದೆ ತೂರಿಸಿ, ಗರಗಸ ಎಳೆದ ಹಾಗೆ ಮೆಲ್ಲಗೆ ಆಚೀಚೆ ಆಡಿಸುತ್ತಾ ಬನ್ನಿ. ಬರಲಿಲ್ಲವಾ, ಬಿಡಿ. ಆಲ್ಬಮ್ ಪುಟವನ್ನೇ ಇಡಿಯಾಗಿ ಸ್ಕ್ಯಾನ್ ಮಾಡಬಹುದು. ಫೋಟೋವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದಂತೂ ಬೇಡವೇ ಬೇಡ. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ಕೊಡವಿ, ಸ್ಕ್ಯಾನರ್ ಗಾಜನ್ನು ಬೇರೆಯಾಗಿ ಒರೆಸಿ ಒಣಗಿಸಿ. ಫೋಟೋವನ್ನು ಅಂಚಿನಲ್ಲಿ ಹಿಡಿಯಿರಿ, ಬೆರಳಚ್ಚು ಬಿದ್ದರೆ ಸ್ಕ್ಯಾನ್‌ನಲ್ಲಿ ಎದ್ದು ಕಾಣುತ್ತದೆ.

ಸ್ಕ್ಯಾನ್ ಮಾಡುವಾಗ ಎಷ್ಟು ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕಿ, ಇಡಬೇಕು ಅನ್ನುವುದಕ್ಕೆ ಲೆಕ್ಕ ಸುಲಭ. ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಚೊಕ್ಕ. ಇದ್ದಷ್ಟೇ ದೊಡ್ಡದಾಗಿ ಪ್ರಿಂಟ್ ಹಾಕುವುದಾದರೆ 300ರಲ್ಲಿ ಸ್ಕ್ಯಾನ್ ಮಾಡಿ, ಎರಡರಷ್ಟು ದೊಡ್ಡದು ಬೇಕಾದರೆ 600ರಲ್ಲಿ. 2×3 ಇಂಚಿನ ಚಿಕ್ಕ ಕಪ್ಪುಬಿಳುಪು ಫೋಟೋ 600ರಲ್ಲಿ ಸ್ಕ್ಯಾನ್ ಆದರೆ 1200×1800 ಪಿಕ್ಸೆಲ್ ಸಿಗುತ್ತದೆ, ಅದು 4×6 ಇಂಚಿಗೆ ಸರಿಯಾಗಿ ಸಾಕು. ಕಪ್ಪುಬಿಳುಪನ್ನೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ. ಹಳೆಯ ಕಾಗದದ ಆ ಕಂದು ಛಾಯೆ ಉಳಿಯುತ್ತದೆ, ಬೇಡವಾದರೆ ಆಮೇಲೆ ತೆಗೆಯಬಹುದು.

ಸ್ಕ್ಯಾನರ್ ಇಲ್ಲದಿದ್ದರೆ ಫೋನೇ ಸಾಕು. ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ ಫೋಟೋವನ್ನು ಮಟ್ಟಸವಾಗಿ ಇಡಿ. ಫ್ಲ್ಯಾಶ್ ಆಫ್ ಮಾಡಿ, ಫೋನನ್ನು ಫೋಟೋಕ್ಕೆ ಸರಿಯಾಗಿ ಮೇಲೆ ಹಿಡಿಯಿರಿ. ತುಂಬಾ ಹತ್ತಿರ ಹೋಗಬೇಡಿ, ಅಂಚುಗಳು ಬಾಗುತ್ತವೆ. ಸ್ವಲ್ಪ ದೂರದಿಂದ ತೆಗೆದು ಆಮೇಲೆ ಕ್ರಾಪ್ ಮಾಡಿ. ಗ್ಲಾಸಿ ಫೋಟೋ ಹೊಳಪು ಹೊಡೆಯುತ್ತಿದ್ದರೆ ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ನೋಡಿ, ಅದು ಬೇರೆ ಬೇರೆ ಕೋನದಿಂದ ಕೆಲವು ಚಿತ್ರ ತೆಗೆದು ಹೊಳಪಿಲ್ಲದ ಭಾಗಗಳನ್ನು ಸೇರಿಸಿ ಕೊಡುತ್ತದೆ.

ಇನ್ನು ಎಐ ರಿಪೇರಿ. ಗೀರು, ಕಲೆ ತೆಗೆಯಲು ಬಳಸಿ, ಅಡ್ಡಿಯಿಲ್ಲ. ಆದರೆ ಮಸುಕಾದ ಮುಖವನ್ನು ಸ್ಪಷ್ಟ ಮಾಡುತ್ತೇನೆ ಅನ್ನುವ ಬಟನ್ ಇದೆಯಲ್ಲ, ಅದರ ಬಗ್ಗೆ ಹುಷಾರು. ಅದು ಇರುವ ಮುಖವನ್ನು ತಿದ್ದುವುದಿಲ್ಲ, ಹೊಸ ಮುಖ ಊಹಿಸಿ ಕೂರಿಸುತ್ತದೆ. ಅಜ್ಜಿಯ ಗಲ್ಲದ ಮೇಲಿನ ಮಚ್ಚೆ ಮಾಯವಾಗಿರುತ್ತದೆ, ಹಲ್ಲು ಸಾಲಾಗಿ ಜೋಡಿಸಿಟ್ಟಂತೆ ಆಗಿರುತ್ತದೆ. ನಿಮಗೆ ಗೊತ್ತಾಗದಿದ್ದರೂ ಅವರ ತಂಗಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕಪ್ಪುಬಿಳುಪಿಗೆ ಬಣ್ಣ ತುಂಬುವುದೂ ಊಹೆಯೇ, ಮದುವೆಯ ಸೀರೆ ಯಾವ ಬಣ್ಣದ್ದಿತ್ತು ಅಂತ ಆ್ಯಪ್‌ಗೆ ಗೊತ್ತಿರುವುದಿಲ್ಲ. ಮಸುಕಿದ್ದರೆ ಮಸುಕಾಗಿಯೇ ಇರಲಿ.

ಆಲ್ಬಮ್ ತಿರುವಿಹಾಕುವಾಗ ಹಳೆಯ ಕಾಗದಪತ್ರವೂ ಸಿಕ್ಕರೆ ಬಿಡಬೇಡಿ. ಅಮ್ಮನ ಕೈಬರಹದ ಒಂದು ಸಾಲು, ಅಪ್ಪನ ಸಹಿ, ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದ ಹೆಸರು ಮತ್ತು ತಾರೀಕು, ಇವನ್ನೂ ಸ್ಕ್ಯಾನ್ ಮಾಡಿಕೊಂಡು ಕಾರ್ಡಿನ ಒಳಪುಟದಲ್ಲಿ ಹಾಕಿದರೆ ಬೇರೆ ಅಲಂಕಾರ ಬೇಕಾಗುವುದಿಲ್ಲ. ಮೂಲ ಫೋಟೋವನ್ನು ಮಾತ್ರ ಯಾವತ್ತೂ ಕಾರ್ಡಿಗೆ ಅಂಟಿಸಬೇಡಿ.

ಹೊಸದಾಗಿ ತೆಗೆಯುವುದಾದರೆ

ನಡು ಮಧ್ಯಾಹ್ನದ ಬಿಸಿಲು ಬೇಡ, ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಬೆಳಿಗ್ಗೆ, ಸಂಜೆ, ಅಥವಾ ಮರದ ನೆರಳು ಒಳ್ಳೆಯದು. ಮನೆಯೊಳಗಾದರೆ ಎಲ್ಲರೂ ಕಿಟಕಿಯ ಕಡೆ ಮುಖ ಮಾಡಲಿ, ಫೋಟೋ ತೆಗೆಯುವವರು ಕಿಟಕಿಗೆ ಬೆನ್ನು ಹಾಕಲಿ. ಚಿಕ್ಕ ಮಕ್ಕಳಿದ್ದರೆ ಅವರ ಕಣ್ಣಿನ ಮಟ್ಟಕ್ಕೆ ಬಗ್ಗಿ. ವೈಡ್ ಲೆನ್ಸ್ ಹಾಕಿದರೆ ಅಂಚಿನಲ್ಲಿ ನಿಂತವರು ಅಡ್ಡಡ್ಡ ಹಿಗ್ಗುತ್ತಾರೆ, ಹಿಂದೆ ಸರಿದು ಮಾಮೂಲಿ ಲೆನ್ಸ್‌ನಲ್ಲೇ ತೆಗೆಯಿರಿ. ಅಕ್ಷರ ಬರೆಯಲು ಒಂದು ಪಕ್ಕ ಖಾಲಿ ಆಕಾಶವೋ ಗೋಡೆಯೋ ಉಳಿದರೆ ಆಮೇಲೆ ಒದ್ದಾಟ ತಪ್ಪುತ್ತದೆ.

ಯಾರಾದರೂ ಒಬ್ಬರು ಕಣ್ಣು ಮುಚ್ಚೇ ಮುಚ್ಚುತ್ತಾರೆ. ಇದಕ್ಕೂ ಲೆಕ್ಕ ಹಾಕಿದವರಿದ್ದಾರೆ! ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನೇ ಗಣಿತ ಮಾಡಿ 2006ರ ಇಗ್ ನೊಬೆಲ್ ಗೆದ್ದರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಬೆಳಕು ಚೆನ್ನಾಗಿರುವಾಗ ತಲೆ ಎಣಿಸಿ ಮೂರರಿಂದ ಭಾಗಿಸಿ, ಬೆಳಕು ಕಡಿಮೆಯಿದ್ದರೆ ಎರಡರಿಂದ. ಹನ್ನೆರಡು ಜನಕ್ಕೆ ಒಳ್ಳೆಯ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆದರೆ ಎಲ್ಲರೂ ಕಣ್ಣು ಬಿಟ್ಟದ್ದು ಒಂದಾದರೂ ಸಿಗುವುದು ಹೆಚ್ಚುಕಡಿಮೆ ಖಾತ್ರಿ. ಓಡಾಡುವ ಮಕ್ಕಳಿಗೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಒಂದರ ಹಿಂದೊಂದು ಸರಸರನೆ ಫೋಟೋ ತೆಗೆಯುವ ಬರ್ಸ್ಟ್ ಮೋಡೇ ಗತಿ.

ಅಳತೆಯ ತಲೆನೋವು

1903ರಲ್ಲಿ ಕೊಡಾಕ್ ಕಂಪನಿ 3ಎ ಅನ್ನುವ ಮಡಚುವ ಕ್ಯಾಮೆರಾ ತಂದಾಗ ಅದರ ನೆಗೆಟಿವ್ ಪೋಸ್ಟ್‌ಕಾರ್ಡಿನಷ್ಟೇ ದೊಡ್ಡದಿತ್ತು. ಹಿಗ್ಗಿಸುವ, ಕತ್ತರಿಸುವ ಗೋಜಿಲ್ಲದೆ ನೇರ ಪೋಸ್ಟ್‌ಕಾರ್ಡ್ ಕಾಗದದ ಮೇಲೆ ಪ್ರಿಂಟ್ ಹಾಕಿ ಅಂಚೆಗೆ ಹಾಕಬಹುದಿತ್ತು. ನಮಗೆ ಆ ಸುಖ ಇಲ್ಲ. ಫೋನನ್ನು ಅಡ್ಡ ಹಿಡಿದು ತೆಗೆದ ಫೋಟೋದ ಅಗಲ-ಎತ್ತರದ ಅನುಪಾತ ಸಾಮಾನ್ಯವಾಗಿ 4:3, ಲ್ಯಾಬ್‌ನ 4×6 ಪ್ರಿಂಟಿನದು 3:2. ಅಂದರೆ ಮೇಲೆ ಕೆಳಗೆ ಸೇರಿ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿ ಹೋಗುತ್ತದೆ. ಎತ್ತರದವರ ತಲೆ ಹಾರುವುದು ಹೀಗೇ. ಲ್ಯಾಬಿಗೆ ಕೊಡುವ ಮೊದಲು ನೀವೇ ಆ ಅಳತೆಗೆ ಕ್ರಾಪ್ ಮಾಡಿ ಕೊಡಿ. 5×7 ಇಂಚಿನಲ್ಲಿ ನಷ್ಟ ಕಡಿಮೆ.

ಮನೆಯಲ್ಲೇ ಮಡಿಸುವ ಕಾರ್ಡ್ ಮಾಡುವವರಿಗೆ ಎ4 ಹಾಳೆಯೇ ಅನುಕೂಲ. ಅದನ್ನು ಎರಡಾಗಿ ಕತ್ತರಿಸಿ ಒಂದೊಂದನ್ನೂ ನಡುವೆ ಮಡಿಸಿದರೆ 105×148 ಮಿಲಿಮೀಟರಿನ ಎರಡು ಎ6 ಕಾರ್ಡು. ಅದಕ್ಕೆ ಸಿ6 ಲಕೋಟೆ, 114×162, ಸರಿಯಾಗಿ ಹೊಂದುತ್ತದೆ. ಒಂದು ಚಿಕ್ಕ ಪೇಚು: 4×6 ಇಂಚಿನ ಫೋಟೋ 152 ಮಿಲಿಮೀಟರ್ ಉದ್ದ, ಅದನ್ನು ಎ6 ಕಾರ್ಡಿಗೆ ಅಂಟಿಸಿದರೆ 4 ಮಿಲಿಮೀಟರ್ ಹೊರಗೆ ಚಾಚುತ್ತದೆ. 3.5×5 ಇಂಚಿನ ಪ್ರಿಂಟ್ ಹಾಕಿಸಿ, ಸುತ್ತ ಅಂಚು ಬಿಟ್ಟು ಚೆಂದ ಕೂರುತ್ತದೆ. ಲಕೋಟೆ ಮೊದಲು ಕೊಂಡು ಕಾರ್ಡ್ ಆಮೇಲೆ ಅಳೆಯುವುದೇ ಜಾಣತನ. ಚೌಕದ ಕಾರ್ಡು ನೋಡಲು ಚೆಂದ ಆದರೂ ಅದಕ್ಕೆ ಕೆಲವು ಕಡೆ ಅಂಚೆಯವರು ಹೆಚ್ಚು ದರ ಹಾಕುತ್ತಾರೆ.

ಫೋಟೋ ಅಂಚಿನವರೆಗೂ ಬರಬೇಕಾದರೆ ಚಿತ್ರವನ್ನು ನಾಲ್ಕೂ ಕಡೆ 3 ಮಿಲಿಮೀಟರ್ ಜಾಸ್ತಿ ಇಡಿ, ಕತ್ತರಿಸುವಾಗ ಬಿಳಿ ಗೆರೆ ಉಳಿಯುವುದಿಲ್ಲ. ಮುಖ, ಅಕ್ಷರ ಯಾವುದೂ ಅಂಚಿಗೆ ತೀರಾ ಹತ್ತಿರ ಬೇಡ.

ಮನೆಯವರಿಂದ ಫೋಟೋ ತರಿಸಿಕೊಳ್ಳುವಾಗ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಸ್ಟೇಟಸ್‌ನಿಂದ ಸ್ಕ್ರೀನ್‌ಶಾಟ್ ತೆಗೆದದ್ದು ಪ್ರಿಂಟಿಗೆ ಬರುವುದಿಲ್ಲ, ಅದರ ಆಸೆ ಬಿಡಿ.

ಏನು ಬರೆಯುವುದು, ಹೇಗೆ ಬರೆಯುವುದು

ಜೋಡಿಸಲು ಯಾವ ಆ್ಯಪ್ ಆದರೂ ಸರಿ. ಕ್ಯಾನ್ವಾ ಸುಲಭ, ಇಂಕ್‌ಸ್ಕೇಪ್ ಮತ್ತು ಗಿಂಪ್ ಪುಕ್ಕಟೆ, ಬೆಳಕು ತಿದ್ದಲು ಸ್ನ್ಯಾಪ್‌ಸೀಡ್ ಸಾಕು. ಫೋಟೋಶಾಪ್‌ನಲ್ಲಿ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರ ಚೆಲ್ಲಾಪಿಲ್ಲಿಯಾದರೆ ಫಾಂಟಿನ ತಪ್ಪು ಅಂದುಕೊಳ್ಳಬೇಡಿ, ವರ್ಲ್ಡ್-ರೆಡಿ ಲೇಔಟ್ ಅನ್ನುವ ಆಯ್ಕೆ ಹಾಕಬೇಕು. ಯೂನಿಕೋಡ್ ಫಾಂಟುಗಳಲ್ಲಿ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಗಂಭೀರವಾಗಿ ಕಾಣುತ್ತವೆ, ‘ಬಾಲೂ ತಮ್ಮ’ ಅನ್ನುವ ಫಾಂಟು ಮಕ್ಕಳ ಕಾರ್ಡಿಗೆ ಹೇಳಿ ಮಾಡಿಸಿದ ದಪ್ಪ ಅಕ್ಷರ. ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪ್ರೆಸ್ಸಿಗೆ ಕೊಡುವಾಗ ಫಾಂಟ್ ಸೇರಿಸಿದ ಪಿಡಿಎಫ್ ಆಗಲಿ, ದೊಡ್ಡ ಜೆಪೆಗ್ ಆಗಲಿ ಕೊಡಿ. ತಿದ್ದಲು ಬರುವ ಮೂಲ ಫೈಲನ್ನೇ ಕೊಟ್ಟರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ‘ಹಾರ್ದಿಕ’ದ ಅರ್ಕಾವತ್ತು ಎಲ್ಲೋ ಹೋಗಿರುತ್ತದೆ.

ಹೊರಗೆ ಪ್ರಿಂಟ್ ಆಗುವ ಮಾತು ಚಿಕ್ಕದಿರಲಿ. ಫೋಟೋದ ಮೇಲೆ ಅಕ್ಷರ ಬಂದರೆ ಖಾಲಿ ಜಾಗದಲ್ಲೇ ಬರಲಿ, ಓದಲು ಆಗದಿದ್ದರೆ ಕೆಳಗೆ ಬಿಳಿ ಪಟ್ಟಿ ಬಿಟ್ಟು ಅಲ್ಲಿ ಹಾಕಿ. ಒಳಗೆ ಮಾತ್ರ ಕೈಯಲ್ಲೇ ಬರೆಯಿರಿ. ಅಕ್ಷರ ಚೆನ್ನಾಗಿಲ್ಲ ಅನ್ನುವ ಸಂಕೋಚ ಬಿಡಿ, ಪ್ರಿಂಟ್ ಆದ ನಾಲ್ಕು ಸಾಲಿನ ಕವನಕ್ಕಿಂತ ‘ಅತ್ತೆ, ಈ ಫೋಟೋ ನೀವೇ ತೆಗೆದದ್ದು, ನೆನಪಿದೆಯಾ?’ ಅನ್ನುವ ಒಂದು ಸಾಲು ಎಷ್ಟೋ ಮೇಲು. ಹಳೆಯ ಫೋಟೋ ಆದರೆ ಹಿಂಬದಿಯಲ್ಲಿ ಯಾರು ಯಾರು, ಯಾವ ವರ್ಷ, ಎಲ್ಲಿ ಅಂತ ಚಿಕ್ಕದಾಗಿ ಬರೆಯಿರಿ.

ಪ್ರಿಂಟ್, ಮಡಿಕೆ, ಅಂಟು

ಸ್ಕ್ರೀನಿಗೆ ಒಳಗಿನಿಂದ ಬೆಳಕಿದೆ, ಕಾಗದಕ್ಕಿಲ್ಲ. ಹಾಗಾಗಿ ಪ್ರಿಂಟ್ ಯಾವಾಗಲೂ ಸ್ವಲ್ಪ ಕಪ್ಪಾಗೇ ಬರುತ್ತದೆ. ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಫೋಟೋ ನೋಡಿ, ಮುಖ ಮಂಕಾಗಿ ಕಂಡರೆ ಬೆಳಕು ಏರಿಸಿ. ನೀವು ತಿದ್ದಿದ್ದರೆ ಲ್ಯಾಬ್‌ನವರಿಗೆ ಆಟೋ ಕರೆಕ್ಷನ್ ಬೇಡ ಅಂತ ಹೇಳಿ. ಮೊದಲು ಒಂದೇ ಪ್ರಿಂಟ್ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ, ಸರಿ ಅನಿಸಿದ ಮೇಲೆ ಉಳಿದವು.

ಕಾಗದ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಇದ್ದರೆ ಕಾರ್ಡ್ ತಾನಾಗಿ ನಿಲ್ಲುತ್ತದೆ, ಆದರೆ ಮನೆಯ ಪ್ರಿಂಟರ್ ಅಷ್ಟು ದಪ್ಪ ಎಳೆಯುತ್ತದಾ ಅಂತ ಅದರ ಮ್ಯಾನ್ಯುಯಲ್ ನೋಡಿ. ಹೊಳಪಿಲ್ಲದ ಮ್ಯಾಟ್ ಕಾಗದ ತೆಗೆದುಕೊಳ್ಳಿ ಅನ್ನುತ್ತೇನೆ ನಾನು. ಗ್ಲಾಸಿಯ ಮೇಲೆ ಪೆನ್ನು ಜಾರುತ್ತದೆ, ಶಾಯಿ ಮೆತ್ತಿಕೊಳ್ಳುತ್ತದೆ. ಇಂಕ್‌ಜೆಟ್‌ಗೆಂದು ಮಾಡಿದ ಗ್ಲಾಸಿ ಕಾಗದವನ್ನು ಲೇಸರ್ ಪ್ರಿಂಟರಿಗೆ ಹಾಕಬೇಡಿ, ಒಳಗಿನ ಬಿಸಿಗೆ ಅದರ ಲೇಪ ಕರಗಿ ಮೆಷೀನಿಗೇ ಅಂಟಬಹುದು. ಇಂಕ್‌ಜೆಟ್ ಪ್ರಿಂಟ್ ಪೂರ್ತಿ ಒಣಗಲು ಒಂದು ದಿನ ಬಿಟ್ಟು ಆಮೇಲೆ ಮಡಿಸಿ. ಮಡಿಸುವ ಕಾರ್ಡಿನ ಹೊರಮೈ ಜೋಡಿಸುವಾಗ ಬಲ ಅರ್ಧ ಮುಂದಿನ ಪುಟ, ಎಡ ಅರ್ಧ ಹಿಂದಿನದು. ಅಡ್ಡ ಹಾಳೆಗೆ ಎರಡೂ ಬದಿ ಪ್ರಿಂಟ್ ಹಾಕುವಾಗ ಶಾರ್ಟ್ ಎಡ್ಜ್ ಫ್ಲಿಪ್ ಆಯ್ಕೆ ಮಾಡದಿದ್ದರೆ ಒಳಪುಟ ತಲೆಕೆಳಗಾಗುತ್ತದೆ.

ದಪ್ಪ ಕಾಗದವನ್ನು ಸುಮ್ನೆ ಮಡಿಸಿದರೆ ಅಂಚು ಬಿರಿಯುತ್ತದೆ. ಕಾಗದಕ್ಕೆ ಎಳೆಯ ದಿಕ್ಕು ಇರುತ್ತದೆ, ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ಮಡಿಕೆ ಬರಲಿ. ಶಾಯಿ ಮುಗಿದ ಬಾಲ್ ಪೆನ್ನಿನಿಂದ, ಸ್ಕೇಲ್ ಇಟ್ಟು, ಹೊರಮೈ ಮೇಲೆ ಒತ್ತಿ ಒಂದು ಗೀರು ಎಳೆಯಿರಿ. ಹಿಂದೆ ಎದ್ದ ಉಬ್ಬು ಮಡಿಕೆಯ ಒಳಗೆ ಬರುವಂತೆ ಮಡಿಸಿ.

ಫೋಟೋ ಅಂಟಿಸಲು ನೀರು ಗೋಂದು ಬೇಡ, ಕಾಗದ ಸುಕ್ಕಾಗುತ್ತದೆ. ಡಬಲ್ ಸೈಡ್ ಟೇಪ್ ಅಥವಾ ಗ್ಲೂ ಸ್ಟಿಕ್ ಬಳಸಿ. ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿದೆ: ಕಾರ್ಡಿನ ಮುಂಭಾಗದಲ್ಲಿ ನಾಲ್ಕು ಓರೆ ಸೀಳು ಕೊಯ್ದು ಫೋಟೋದ ಮೂಲೆಗಳನ್ನು ಅದರೊಳಗೆ ತೂರಿಸಿ. ಪಡೆದವರು ಫೋಟೋ ಬಿಡಿಸಿ ಫ್ರೇಮಿಗೆ ಹಾಕಿಕೊಳ್ಳಬಹುದು.

ಕಾಗದ ಬೇಡ, ಫೋನಿನಲ್ಲೇ ಕಳಿಸುತ್ತೇನೆ ಅನ್ನುವವರಿಗೂ ಒಂದು ಮಾತು. ಡಾಕ್ಯುಮೆಂಟ್ ಆಗಿ ಕಳಿಸಿದ ಫೋಟೋದಲ್ಲಿ ತೆಗೆದ ಜಾಗದ ಜಿಪಿಎಸ್ ಗುರುತೂ ಜೊತೆಗೇ ಹೋಗಬಹುದು. ಮನೆಯವರ ನಡುವೆ ಪರವಾಗಿಲ್ಲ. ದೊಡ್ಡ ಗುಂಪಿಗೆ ಹಾಕುವ ಮೊದಲು ಫೋನಿನ ಶೇರ್ ಆಯ್ಕೆಯಲ್ಲಿ ಲೊಕೇಶನ್ ತೆಗೆಯಿರಿ.